ವಿಮಾನ ನಿಲ್ದಾಣದ ಆಡಳಿತ ಮತ್ತು ಒಬ್ಬ ಮಹಿಳೆಯ ವೃತ್ತಿಜೀವನ

(ಸಂಘದ ಮಹಿಳಾ ವಿಭಾಗ ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದ ವಿಷಯ ‘ಆಡಳಿತದಲ್ಲಿ ಮಹಿಳೆ’. ಇಷ್ಟು ವಿಶಾಲವಾದ ವಿಷಯವನ್ನು ಕೈಗೆತ್ತಿಕೊಂಡರೆ ಮಾತು ಗಾರ್ಗಿ ಮೈತ್ರೇಯಿಯರಿಂದ ಹೊರಟು, ಕಿತ್ತೂರಿನ ರಾಣಿಗೆ ಕೈಮುಗಿದು, ಮೀಸಲಾತಿಯ ಚರ್ಚೆಯಲ್ಲಿ ಬಂದು ನಿಲ್ಲುತ್ತದೆ. ಅಂಥ ಉಪನ್ಯಾಸಗಳನ್ನು ನಾವೆಲ್ಲ ಸಾಕಷ್ಟು ಕೇಳಿದ್ದೇವೆ. ಆದ್ದರಿಂದ ಅವರ ಅನುಮತಿ ಪಡೆದು ವಿಷಯವನ್ನು ಕಿರಿದುಗೊಳಿಸಿಕೊಂಡಿದ್ದೇನೆ. ಒಂದೇ ವೃತ್ತಿ, ಆ ವೃತ್ತಿಯಲ್ಲಿ ಒಬ್ಬರೇ ಮಹಿಳೆ. ವೃತ್ತಿ ವಿಮಾನ ನಿಲ್ದಾಣದ ಆಡಳಿತ. ಮಹಿಳೆ ಅಮೆರಿಕದ ಏಂಜೆಲಾ ಗಿಟ್ಟೆನ್ಸ್. ಈ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಕೇಳದೆ ಇರುವುದಕ್ಕೂ ಈ ವೃತ್ತಿಯ ಸ್ವರೂಪಕ್ಕೂ ಸಂಬಂಧವಿದೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ವಿಮಾನ ನಿಲ್ದಾಣ ಅಪರಿಚಿತವಲ್ಲ. ಒಂದು ಕಾಲಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಊರು ಸೇರುತ್ತಿದ್ದವರು ಇಂದು ಎರಡೂವರೆ ಮೂರು ಗಂಟೆಗಳಲ್ಲಿ ದೇವನಹಳ್ಳಿಯಲ್ಲಿ ಇಳಿಯುತ್ತೇವೆ. ಅಲ್ಲಿ ನಮಗೆ ಕಾಣುವ ಮಹಿಳೆಯರು ಯಾರು? ಚೀಟಿ ಕೊಡುವ ಕೌಂಟರಿನ ಹುಡುಗಿ, ಧ್ವನಿವರ್ಧಕದ ಹಿಂದಿನ ದನಿ, ಪರದೆಯ ಮರೆಯಲ್ಲಿ ನಮ್ಮನ್ನು ತಪಾಸಣೆ ಮಾಡುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ, ನೆಲ ಒರೆಸುವ ಹೆಂಗಸು, ಮತ್ತು ವಿಮಾನದೊಳಗೆ ಗಗನಸಖಿ. ಇವರೆಲ್ಲರೂ ಪ್ರಯಾಣಿಕನ ಕಣ್ಣಿಗೆ ಬೀಳುವ ಜಾಗದಲ್ಲಿ ಇದ್ದಾರೆ. ಆದರೆ ಆ ಕೌಂಟರು ಯಾವ ಕಂಪನಿಗೆ, ಎಷ್ಟು ಬಾಡಿಗೆಗೆ, ಎಷ್ಟು ವರ್ಷಕ್ಕೆ ಎಂದು ತೀರ್ಮಾನಿಸಿ ಸಹಿ ಹಾಕುವವರು ಕಣ್ಣಿಗೆ ಬೀಳುವುದಿಲ್ಲ. ಅಧಿಕಾರ ಇರುವುದು ಅಲ್ಲಿ. ನಾನು ಮಾತನಾಡಬೇಕೆಂದಿರುವುದು ಆ ಸಹಿಯ ಬಗ್ಗೆ.

ವಿಮಾನ ನಿಲ್ದಾಣವೆಂದರೆ ಮೂಲತಃ ಒಂದು ಧಾವನಪಥ, ಒಂದು ಗಾಳಿಚೀಲ, ಒಂದು ನಿಯಂತ್ರಣ ಗೋಪುರ ಎಂಬ ಭಾವನೆ ಬಹುಕಾಲ ಇತ್ತು. ನಮ್ಮಲ್ಲಿ ಹಳೆಯ ಹುದ್ದೆಯ ಹೆಸರೇ ‘ಏರೋಡ್ರೋಮ್ ಆಫೀಸರ್’. ಹಾರಾಟ ಬಲ್ಲವನು, ಸೈನ್ಯದಿಂದ ಬಂದವನು, ಇಲ್ಲವೇ ಎಂಜಿನಿಯರು ಆ ಕುರ್ಚಿಗೆ ಯೋಗ್ಯ ಎಂದು ತಿಳಿಯುವುದು ಸಹಜವಾಗಿತ್ತು. ಈ ವಿಭಾಗಗಳಿಗೆ ಹೆಂಗಸರ ಪ್ರವೇಶವೇ ಇಲ್ಲದಿದ್ದ ಕಾಲದಲ್ಲಿ ನಿಲ್ದಾಣದ ಮುಖ್ಯಸ್ಥರಾಗಿ ಹೆಂಗಸರು ಇರಲಿಲ್ಲವೆಂದರೆ ಅದನ್ನು ಯಾರೂ ಪಕ್ಷಪಾತ ಎನ್ನಲಿಲ್ಲ, ‘ಅರ್ಹತೆ’ ಎಂದರು. ಆದರೆ ನಿಲ್ದಾಣದ ಸ್ವರೂಪ ಬದಲಾಯಿತು. ಸಾಲಪತ್ರಗಳ ಮೂಲಕ ಹಣ ಎತ್ತುವುದು, ಆ ಸಾಲವನ್ನು ವಿಮಾನ ಕಂಪನಿಗಳ ಶುಲ್ಕದಿಂದ ತೀರಿಸುವುದು, ಅಂಗಡಿ, ವಾಹನ ನಿಲುಗಡೆ, ಬಾಡಿಗೆ ಕಾರುಗಳ ಗುತ್ತಿಗೆ ನೀಡುವುದು, ಇವು ಆಡಳಿತದ ಕೇಂದ್ರಕ್ಕೆ ಬಂದವು. ಜಗತ್ತಿನ ನಿಲ್ದಾಣಗಳ ಒಟ್ಟು ವರಮಾನದಲ್ಲಿ ಸ್ಥೂಲವಾಗಿ ಐದರಲ್ಲಿ ಎರಡು ಪಾಲು ವಿಮಾನಗಳಿಗೆ ನೇರ ಸಂಬಂಧವಿಲ್ಲದ ಇಂಥ ಮೂಲಗಳಿಂದ ಬರುತ್ತದೆ. ಕೆಲಸ ಹೀಗೆ ಬದಲಾದ ಮೇಲೂ ‘ಅರ್ಹತೆ’ಯ ಹಳೆಯ ವ್ಯಾಖ್ಯೆ ಎಷ್ಟು ಕಾಲ ಉಳಿಯಿತು ಎಂಬುದು ಕುತೂಹಲದ ಪ್ರಶ್ನೆ.

ನಮ್ಮ ದೇಶದ ಎರಡು ನ್ಯಾಯಾಲಯ ಪ್ರಕರಣಗಳನ್ನು ಇಲ್ಲಿ ನೆನೆಯುವುದು ಉಚಿತ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ಮಹಿಳೆ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ನೀಡಬೇಕು ಎಂಬ ನಿಯಮ ಇತ್ತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ಧೋರಣೆಯನ್ನು ತೀಕ್ಷ್ಣವಾಗಿ ಖಂಡಿಸಿದರು. ಎರಡನೆಯದು, 1981ರ ಏರ್ ಇಂಡಿಯಾ ಮತ್ತು ನರ್ಗೀಸ್ ಮಿರ್ಜಾ ಪ್ರಕರಣ. ಗಗನಸಖಿಗೆ ಮೂವತ್ತೈದು ತುಂಬಿದಾಗ, ಅಥವಾ ನಾಲ್ಕು ವರ್ಷದೊಳಗೆ ಮದುವೆಯಾದಾಗ, ಅಥವಾ ಮೊದಲ ಬಾರಿ ಗರ್ಭಿಣಿಯಾದಾಗ, ಇವುಗಳಲ್ಲಿ ಯಾವುದು ಮೊದಲೋ ಅಂದು ಅವಳ ಸೇವೆ ಮುಗಿಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯ ಗರ್ಭಧಾರಣೆಯ ಷರತ್ತನ್ನು ತೆಗೆದುಹಾಕಿತು. ಮದುವೆಯ ಷರತ್ತನ್ನು ಮಾತ್ರ ಹಾಗೆಯೇ ಉಳಿಸಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ಈ ತೀರ್ಪನ್ನು ಮೊದಲ ಬಾರಿ ಓದಿದ ನನಗೆ ಆಶ್ಚರ್ಯವಾದದ್ದು ನಿಯಮದ ಕ್ರೌರ್ಯಕ್ಕಿಂತ ಅದರ ಲೆಕ್ಕಾಚಾರ. ಮೂವತ್ತೈದಕ್ಕೆ ಹೊರಹೋಗುವವಳು ಯಾವ ಕಡತಕ್ಕೂ ಸಹಿ ಹಾಕುವ ಹಂತ ಮುಟ್ಟುವುದಿಲ್ಲ.

ಈಗ ಗಿಟ್ಟೆನ್ಸ್ ಅವರ ವಿಚಾರಕ್ಕೆ ಬರುತ್ತೇನೆ. ಅವರು ಆಫ್ರಿಕನ್ ಅಮೆರಿಕನ್ ಸಮುದಾಯದವರು. ಸ್ಯಾನ್‌ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಉಪಮುಖ್ಯಸ್ಥೆಯಾಗಿದ್ದು, 1993ರಲ್ಲಿ ಅಟ್ಲಾಂಟಾದ ಹಾರ್ಟ್ಸ್‌ಫೀಲ್ಡ್ ನಿಲ್ದಾಣದ ಪ್ರಧಾನ ವ್ಯವಸ್ಥಾಪಕಿಯಾದರು. ಅಟ್ಲಾಂಟಾದ ಈ ನಿಲ್ದಾಣ ಸಾಮಾನ್ಯ ನಿಲ್ದಾಣವಲ್ಲ. ಅದರ ಒಡೆತನ ನಗರದ್ದು. ಆ ನಗರದ ರಾಜಕೀಯದ ತಿರುಳೇ ಅಲ್ಲಿದೆ ಎಂದರೂ ಸಲ್ಲುತ್ತದೆ. ಅಟ್ಲಾಂಟಾದ ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್ 1974ರಲ್ಲಿ ಅಧಿಕಾರಕ್ಕೆ ಬಂದಾಗ ಹೊಸ ಟರ್ಮಿನಲ್ಲಿನ ಕಾಮಗಾರಿಯಲ್ಲಿ ನಾಲ್ಕನೇ ಒಂದು ಪಾಲು ಅಲ್ಪಸಂಖ್ಯಾತ ಸಮುದಾಯಗಳ ಗುತ್ತಿಗೆದಾರರಿಗೆ ಸಿಗಬೇಕೆಂದು ಹಟ ಹಿಡಿದರು. ನಗರದ ಬಿಳಿಯ ವ್ಯಾಪಾರಿವರ್ಗ ಕಟುವಾಗಿ ವಿರೋಧಿಸಿತು. 1980ರ ಸೆಪ್ಟೆಂಬರಿನಲ್ಲಿ ಟರ್ಮಿನಲ್ ತೆರೆಯಿತು. ಅಟ್ಲಾಂಟಾದಲ್ಲಿ ಒಂದು ಕಪ್ಪು ಉದ್ಯಮಿವರ್ಗ ಬೆಳೆದದ್ದರಲ್ಲಿ ಈ ಗುತ್ತಿಗೆಗಳ ಪಾತ್ರ ದೊಡ್ಡದು. ಸಾಮಾಜಿಕ ನ್ಯಾಯದ ಚರ್ಚೆಯನ್ನು ಬಲ್ಲ ನಮಗೆ ಇದು ಚೆನ್ನಾಗಿ ಅರ್ಥವಾಗುವ ಮಾತು: ಅಲ್ಲಿ ಮೀಸಲಾತಿ ಬಂದದ್ದು ಹುದ್ದೆಗೆ ಮಾತ್ರವಲ್ಲ, ಟೆಂಡರಿಗೆ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇತ್ತು. ಗುತ್ತಿಗೆ ಹಂಚುವ ಅಧಿಕಾರ ಇರುವಲ್ಲಿ ಹಂಚುವವನ ಸುತ್ತ ಗುಂಪು ಸೇರುತ್ತದೆ. ನಿಲ್ದಾಣದ ಅಂಗಡಿಗಳ ಗುತ್ತಿಗೆಗೆ ಸಂಬಂಧಿಸಿದ ಲಂಚದ ಪ್ರಕರಣವೊಂದರಲ್ಲಿ, ಹಿಂದೆ ನಗರದ ವಿಮಾನಯಾನ ಆಯುಕ್ತರಾಗಿದ್ದವರೊಬ್ಬರು 1994ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ಸಾಬೀತಾಯಿತು. ಗಿಟ್ಟೆನ್ಸ್ ಕುರ್ಚಿಯಲ್ಲಿ ಕೂತದ್ದು ಇಂಥ ಗಾಳಿಯ ನಡುವೆ. ಲೆಕ್ಕಪತ್ರದ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವಳಾಗಿ ನಾನು ಹೇಳಬಲ್ಲೆ, ಹಗರಣದ ನಂತರ ಬರುವ ಅಧಿಕಾರಿಯ ಪಾಡು ಕಠಿಣ. ಹಿಂದಿನವರು ಉದಾರವಾಗಿ ಕೊಟ್ಟದ್ದನ್ನೆಲ್ಲ ಹೊಸಬರು ನಿಯಮದ ಮೇಲೆ ಕೊಡಬೇಕಾಗುತ್ತದೆ. ನಿಯಮದ ಮೇಲೆ ಕೊಟ್ಟರೆ ಯಾರೂ ಕೃತಜ್ಞರಾಗಿರುವುದಿಲ್ಲ.

ಅವರ ಮುಂದೆ ಇದ್ದ ಗಡುವು ಒಂದೇ: 1996ರ ಜುಲೈ 19, ಅಟ್ಲಾಂಟಾ ಒಲಿಂಪಿಕ್ಸ್ ಆರಂಭವಾಗುವ ದಿನ. ಅಂತರರಾಷ್ಟ್ರೀಯ ಪ್ರಯಾಣಿಕರಿಗಾಗಿ ‘ಇ’ ವಿಭಾಗ 1994ರ ಸೆಪ್ಟೆಂಬರಿನಲ್ಲಿ ತೆರೆಯಿತು. ಮುಖ್ಯ ಕಟ್ಟಡದಲ್ಲಿ ದೊಡ್ಡ ಹಜಾರವೊಂದು ಒಲಿಂಪಿಕ್ಸಿನ ವರ್ಷಕ್ಕೆ ಸಿದ್ಧವಾಯಿತು. ಇವೆಲ್ಲವೂ ವಿಮಾನಗಳ ಓಡಾಟ ನಿಲ್ಲದಿರುವಾಗಲೇ ನಡೆಯಬೇಕು. ಆ ವರ್ಷದ ಬೇಸಗೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಮೇ 11ರಂದು ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟ ವ್ಯಾಲ್ಯೂಜೆಟ್ ವಿಮಾನ ಫ್ಲಾರಿಡಾದ ಜೌಗುನೆಲದಲ್ಲಿ ಬಿದ್ದು 110 ಜನ ಸತ್ತರು. ಅಟ್ಲಾಂಟಾವನ್ನೇ ನೆಲೆ ಮಾಡಿಕೊಂಡಿದ್ದ ಆ ಕಂಪನಿಯ ಹಾರಾಟ ಜೂನಿನಲ್ಲಿ ಸ್ಥಗಿತಗೊಂಡಿತು. ಜುಲೈ 17ರಂದು, ಕ್ರೀಡಾಕೂಟಕ್ಕೆ ಎರಡೇ ದಿನ ಇರುವಾಗ, ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯೂಎ ವಿಮಾನ ಸಮುದ್ರದ ಮೇಲೆ ಸ್ಫೋಟಗೊಂಡು 230 ಜನ ಅಸುನೀಗಿದರು. ಅದು ವಿಧ್ವಂಸಕ ಕೃತ್ಯವಲ್ಲ ಎಂದು ತಿಳಿದದ್ದು ಬಹಳ ಕಾಲದ ನಂತರ. ಅಂದು ಎಲ್ಲರ ಸಂಶಯವೂ ಬಾಂಬಿನ ಮೇಲೆ. ಜುಲೈ 27ರಂದು ಅಟ್ಲಾಂಟಾ ನಗರದ ಒಲಿಂಪಿಕ್ ಉದ್ಯಾನದಲ್ಲಿಯೇ ಬಾಂಬ್ ಸಿಡಿಯಿತು. ಇಂಥ ಎರಡು ತಿಂಗಳಲ್ಲಿ ಜಗತ್ತಿನ ಕ್ರೀಡಾಪಟುಗಳನ್ನೂ ಪ್ರೇಕ್ಷಕರನ್ನೂ ಬರಮಾಡಿಕೊಂಡು ಕಳಿಸಿಕೊಟ್ಟ ನಿಲ್ದಾಣದ ಮುಖ್ಯಸ್ಥೆಯ ಹೆಸರು ನಮಗೆ ಗೊತ್ತಿಲ್ಲ. ವಿಮಾನ ನಿಲ್ದಾಣದ ಆಡಳಿತ ಚೆನ್ನಾಗಿ ನಡೆದಾಗ ಸುದ್ದಿಯಾಗುವುದಿಲ್ಲ. ನಾನು ಆರಂಭದಲ್ಲಿ ಹೇಳಿದ್ದು ಇದನ್ನೇ.

ಅವರು ಅಟ್ಲಾಂಟಾ ಬಿಟ್ಟದ್ದು 1998ರಲ್ಲಿ. ಅದೇ ವರ್ಷ ಆ ನಿಲ್ದಾಣ 7.3 ಕೋಟಿಗೂ ಹೆಚ್ಚು ಪ್ರಯಾಣಿಕರೊಡನೆ ಷಿಕಾಗೋದ ಓಹೇರ್ ನಿಲ್ದಾಣವನ್ನು ಹಿಂದಿಕ್ಕಿ ಜಗತ್ತಿನಲ್ಲಿಯೇ ಅತ್ಯಂತ ದಟ್ಟಣೆಯ ನಿಲ್ದಾಣವಾಯಿತು. ಇದರ ಕೀರ್ತಿಯನ್ನೆಲ್ಲ ಅವರಿಗೆ ಕಟ್ಟುವುದು ನ್ಯಾಯವಲ್ಲ. ಡೆಲ್ಟಾ ಕಂಪನಿ ಅದನ್ನು ತನ್ನ ಕೇಂದ್ರವಾಗಿ ಮಾಡಿಕೊಂಡದ್ದೇ ಮುಖ್ಯ ಕಾರಣ. ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಹತ್ತುವ ಪ್ರಯಾಣಿಕರೇ ಅಲ್ಲಿ ಹೆಚ್ಚು. ಆದರೆ ಆ ಬೆಳವಣಿಗೆಯನ್ನು ತಡೆದುಕೊಳ್ಳುವ ಕಟ್ಟಡ, ಒಪ್ಪಂದ ಮತ್ತು ವ್ಯವಸ್ಥೆ ಸಿದ್ಧವಾಗಿದ್ದುದು ಆಡಳಿತದ ಕೆಲಸವೇ.

ನನ್ನದೇ ಅನುಭವದ ಒಂದು ಸಣ್ಣ ಸಂಗತಿ. ಬಹಳ ವರ್ಷಗಳ ಹಿಂದೆ ಒಂದು ನಿಲ್ದಾಣದ ಧಾವನಪಥಕ್ಕೆ ಹೊಸ ಪದರ ಹಾಕುತ್ತಿದ್ದರು. ವಿಮಾನವಿಲ್ಲದ ವೇಳೆಯಲ್ಲಿ, ಅಂದರೆ ಮಧ್ಯರಾತ್ರಿಯ ನಂತರ, ಕೆಲಸ. ಬಿಲ್ಲು ನನ್ನ ಬಳಿ ಬಂದಾಗ ಅಳತೆ ಪುಸ್ತಕವನ್ನು ಸ್ಥಳದಲ್ಲಿಯೇ ತಾಳೆ ನೋಡಬೇಕೆಂದೆ. ‘ರಾತ್ರಿ ಹೊತ್ತು ಮೇಡಂ ಬರುವುದು ಬೇಡ, ನಾವೇ ನೋಡಿ ಬರೆದು ಕಳಿಸುತ್ತೇವೆ’ ಎಂಬ ಉತ್ತರ ಬಂತು. ಅತ್ಯಂತ ಗೌರವದಿಂದ ಹೇಳಿದ ಮಾತು. ನಾನು ಹೋದೆ. ಡಾಂಬರಿನಲ್ಲಿ ಚಪ್ಪಲಿ ಹಾಳಾಯಿತು, ಅಳತೆಯಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಸಿಕ್ಕಿತು. ಹೆಂಗಸರನ್ನು ದೂರವಿಡಲು ನಿಯಮವೇ ಬೇಕಾಗಿಲ್ಲ, ಕಾಳಜಿಯೂ ಸಾಕು. ಗಿಟ್ಟೆನ್ಸ್ ಅವರಿಗೆ ಇಂಥ ಎಷ್ಟು ಕಾಳಜಿಗಳು ಎದುರಾಗಿರಬೇಕೆಂದು ನಾನು ಊಹಿಸಿಕೊಳ್ಳುತ್ತೇನೆ.

ಅಟ್ಲಾಂಟಾದ ನಂತರ ಅವರು ಖಾಸಗಿ ವಲಯಕ್ಕೆ ಹೋದರು. ಟಿಬಿಐ ಎಂಬ ನಿಲ್ದಾಣ ನಿರ್ವಹಣಾ ಸಂಸ್ಥೆಯ ಉಪಾಧ್ಯಕ್ಷೆಯಾಗಿ, ಇಂಗ್ಲೆಂಡಿನ ಲೂಟನ್ ನಿಲ್ದಾಣ ಸರ್ಕಾರಿ ನಿರ್ವಹಣೆಯಿಂದ ಖಾಸಗಿ ನಿರ್ವಹಣೆಗೆ ದಾಟಿದ ಪ್ರಕ್ರಿಯೆಯ ಉಸ್ತುವಾರಿ ನೋಡಿಕೊಂಡರು. 1998ರಲ್ಲಿ ಆದ ಆ ಏರ್ಪಾಡಿನಲ್ಲಿ ಒಡೆತನ ಲೂಟನ್ ನಗರ ಪರಿಷತ್ತಿನದಾಗಿಯೇ ಉಳಿಯಿತು. ನಿರ್ವಹಣೆ ಮಾತ್ರ 30 ವರ್ಷಗಳ ಅವಧಿಗೆ ಖಾಸಗಿಯವರದು. ಇದೇ ಬಗೆಯ ಏರ್ಪಾಡು ನಮ್ಮಲ್ಲಿ 2006ರಲ್ಲಿ ಬಂತು. ದೆಹಲಿ ಮತ್ತು ಮುಂಬಯಿ ನಿಲ್ದಾಣಗಳನ್ನು 30 ವರ್ಷಗಳ ಅವಧಿಗೆ ಖಾಸಗಿ ಸಹಭಾಗಿತ್ವದ ಕಂಪನಿಗಳಿಗೆ ಒಪ್ಪಿಸಲಾಯಿತು. ದೆಹಲಿಯ ಒಟ್ಟು ವರಮಾನದಲ್ಲಿ ಪ್ರತಿಶತ 45.99, ಮುಂಬಯಿಯದರಲ್ಲಿ ಪ್ರತಿಶತ 38.7 ಭಾಗ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಎಂಬುದು ಒಪ್ಪಂದ. ಬೆಂಗಳೂರಿನ ಹೊಸ ನಿಲ್ದಾಣಕ್ಕೆ ಒಪ್ಪಂದವಾದದ್ದು 2004ರಲ್ಲಿ; ಅಲ್ಲಿ ಸರ್ಕಾರಕ್ಕೆ ಸಲ್ಲುವ ಪಾಲು ಪ್ರತಿಶತ 4, ಅದೂ ಮೊದಲ ಹತ್ತು ವರ್ಷ ಮುಂದೂಡಿಕೆಯ ಮೇಲೆ. ಖಾಲಿ ನೆಲದ ಮೇಲೆ ಹೊಸದಾಗಿ ಕಟ್ಟುವುದಕ್ಕೂ ನಡೆಯುತ್ತಿರುವ ನಿಲ್ದಾಣವನ್ನು ವಹಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಹಿಯ ತೂಕ ಎಷ್ಟೆಂದು ಆಗ ತಿಳಿಯುತ್ತದೆ.

2001ರಲ್ಲಿ ಗಿಟ್ಟೆನ್ಸ್ ಮತ್ತೆ ಸಾರ್ವಜನಿಕ ಸೇವೆಗೆ ಬಂದು ಮಯಾಮಿ-ಡೇಡ್ ಕೌಂಟಿಯ ವಿಮಾನಯಾನ ನಿರ್ದೇಶಕಿಯಾದರು. ಅದೇ ವರ್ಷ ಸೆಪ್ಟೆಂಬರ್ 11. ಅಮೆರಿಕದ ಆಕಾಶವೇ ಮುಚ್ಚಿತು. ನವೆಂಬರಿನಲ್ಲಿ ಹೊಸ ಕಾನೂನು ಬಂದು, ಅಲ್ಲಿಯವರೆಗೆ ವಿಮಾನ ಕಂಪನಿಗಳು ಗುತ್ತಿಗೆಯವರಿಂದ ಮಾಡಿಸುತ್ತಿದ್ದ ಪ್ರಯಾಣಿಕರ ತಪಾಸಣೆ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಮಯಾಮಿಯಲ್ಲಿ ಆಗ ಭಾರೀ ವಿಸ್ತರಣಾ ಕಾಮಗಾರಿ ನಡೆದಿತ್ತು. ಅದಕ್ಕೆ ತಂದ ಸಾಲ ಪ್ರಯಾಣಿಕರು ಕಡಿಮೆಯಾದರೆಂದು ಕಡಿಮೆಯಾಗುವುದಿಲ್ಲ. ಸಾಲ ಅಷ್ಟೇ, ಪ್ರಯಾಣಿಕರು ಕಡಿಮೆ, ಆದ್ದರಿಂದ ತಲೆಗೆ ಬೀಳುವ ಖರ್ಚು ಹೆಚ್ಚು, ಖರ್ಚು ಹೆಚ್ಚಾದರೆ ವಿಮಾನ ಕಂಪನಿಗಳ ಗೊಣಗಾಟ. ಜೊತೆಗೆ, ಗುತ್ತಿಗೆಗಳ ಅಂತಿಮ ತೀರ್ಮಾನ ಚುನಾಯಿತರಾದ 13 ಮಂದಿ ಕೌಂಟಿ ಸದಸ್ಯರ ಮಂಡಳಿಯದು. ಪ್ರತಿಯೊಬ್ಬ ಸದಸ್ಯನಿಗೂ ಒಂದು ಕ್ಷೇತ್ರ, ಆ ಕ್ಷೇತ್ರದಲ್ಲಿ ಗುತ್ತಿಗೆದಾರರು, ಅವರ ಪರವಾಗಿ ವಶೀಲಿ ಮಾಡುವವರು. ಇಂಥಲ್ಲಿ ಅಧಿಕಾರಿಯ ಶಿಫಾರಸು ಮಂಡಳಿಗೆ ಹೋಗಿ ಯಾವ ರೂಪದಲ್ಲಿ ಹೊರಬರುತ್ತದೆಂದು ವಿವರಿಸುವ ಅಗತ್ಯ ಈ ಸಭೆಯಲ್ಲಿ ಇಲ್ಲ. 2004ರಲ್ಲಿ ಅವರು ಆ ಹುದ್ದೆ ಬಿಟ್ಟರು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಮಹಿಳೆಯರ ಸಾಧನೆಯನ್ನು ಕುರಿತ ಲೇಖನಗಳು ಬಂದ ಹುದ್ದೆಯನ್ನು ಹೇಳುತ್ತವೆ, ಬಿಟ್ಟ ಹುದ್ದೆಯನ್ನು ಹೇಳುವುದಿಲ್ಲ. ಅಟ್ಲಾಂಟಾದಲ್ಲಿ ಐದು ವರ್ಷ, ಮಯಾಮಿಯಲ್ಲಿ ಮೂರು ವರ್ಷ. ಅಮೆರಿಕದ ನಗರಗಳಲ್ಲಿ ನಿಲ್ದಾಣದ ಮುಖ್ಯಸ್ಥರಿಗೆ ನಮ್ಮ ಸಂವಿಧಾನದ 311ನೇ ವಿಧಿಯಂಥ ರಕ್ಷಣೆ ಇಲ್ಲ. ಮೇಯರನ ಅಥವಾ ಕೌಂಟಿಯ ವಿಶ್ವಾಸ ಇರುವವರೆಗೆ ಹುದ್ದೆ. ಆ ಬಾಗಿಲು ಹೊಸಬರಿಗೆ ಬೇಗ ತೆರೆಯುವುದಕ್ಕೂ ಇದೇ ಕಾರಣ, ಬೇಗ ಮುಚ್ಚುವುದಕ್ಕೂ ಇದೇ ಕಾರಣ. ನಮ್ಮಲ್ಲಿ ಬಾಗಿಲು ತೆರೆಯಲು ಇಪ್ಪತ್ತೈದು ವರ್ಷದ ಹಿರಿತನ ಬೇಕು, ಒಮ್ಮೆ ಒಳಹೊಕ್ಕರೆ ನಿವೃತ್ತಿಯವರೆಗೆ ಯಾರೂ ಎಬ್ಬಿಸುವುದಿಲ್ಲ. ವರ್ಗಾವಣೆ ಮಾಡುತ್ತಾರೆ, ಅಷ್ಟೆ. ಎರಡರಲ್ಲಿ ಹೆಂಗಸರಿಗೆ ಯಾವುದು ಹಿತ? ನನ್ನ ವಯಸ್ಸಿನವರು ರಕ್ಷಣೆ ಎನ್ನುತ್ತಾರೆ. ನನ್ನ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯರು, ಹಿರಿತನದ ಸಾಲಿನಲ್ಲಿ ಇಪ್ಪತ್ತೈದು ವರ್ಷ ನಿಲ್ಲುವುದೇ ಒಂದು ಶಿಕ್ಷೆ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೆ ಮಯಾಮಿಯ ಮೂರು ವರ್ಷಗಳನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ.

ಇನ್ನೊಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಸರ್ಕಾರದಿಂದ ಖಾಸಗಿಗೆ, ಖಾಸಗಿಯಿಂದ ಸರ್ಕಾರಕ್ಕೆ, ಮಯಾಮಿಯ ನಂತರ ಮತ್ತೆ ಎಚ್‌ಎನ್‌ಟಿಬಿ ಎಂಬ ಸಲಹಾ ಸಂಸ್ಥೆಗೆ; ಹೀಗೆ ದಾಟುವುದು ಲೆಕ್ಕಪರಿಶೋಧಕರ ಹುಬ್ಬೇರಿಸುವಂಥದ್ದು. ಇಂದು ಗುತ್ತಿಗೆ ಕೊಡುವವರು ನಾಳೆ ಗುತ್ತಿಗೆ ಕೇಳುವವರಾದರೆ ಸಾರ್ವಜನಿಕರ ನಂಬಿಕೆಗೆ ಯಾರು ಹೊಣೆ? ಇದು ಅವರೊಬ್ಬರ ಮೇಲಿನ ಆರೋಪವಲ್ಲ, ಅಮೆರಿಕದ ಆಡಳಿತ ಪದ್ಧತಿಯ ಲಕ್ಷಣ. ಈ ದಾಟುವಿಕೆಯಿಂದಲೇ ಅವರಿಗೆ ಮೇಜಿನ ಎರಡೂ ಬದಿಯ ತಿಳಿವಳಿಕೆ ದಕ್ಕಿತು ಎಂಬುದೂ ನಿಜ. ನಮ್ಮಲ್ಲಿ ಇಂಥ ದಾಟುವಿಕೆಗೆ ‘ಡೆಪ್ಯುಟೇಷನ್’ ಎಂಬ ಸಣ್ಣ ಕಿಟಕಿ ಇದೆ. ಆ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತವರಿಗೆ ನಿರಾಕ್ಷೇಪಣಾ ಪತ್ರ, ವಿಜಿಲೆನ್ಸ್ ಕ್ಲಿಯರೆನ್ಸ್ ಎಂಬ ಪದಗಳ ಅರ್ಥ ನಾನು ಹೇಳಬೇಕಾಗಿಲ್ಲ.

2008ರಲ್ಲಿ ಗಿಟ್ಟೆನ್ಸ್ ಅವರು ಜಗತ್ತಿನ ವಿಮಾನ ನಿಲ್ದಾಣಗಳ ಒಕ್ಕೂಟವಾದ ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್ಲಿನ ಮಹಾನಿರ್ದೇಶಕಿಯಾದರು. 2020ರವರೆಗೆ ಆ ಸ್ಥಾನದಲ್ಲಿದ್ದರು. ಜಿನೀವಾದಲ್ಲಿದ್ದ ಅದರ ಕೇಂದ್ರ ಕಚೇರಿ ಅವರ ಕಾಲದಲ್ಲಿ ಮಾಂಟ್ರಿಯಲ್ಲಿಗೆ ಬಂತು. ಕಾರಣ ಸರಳ: ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಅಲ್ಲಿದೆ, ವಿಮಾನ ಕಂಪನಿಗಳ ಒಕ್ಕೂಟವೂ ಅಲ್ಲಿದೆ. ನಿಯಮ ರೂಪಿಸುವ ಮನೆಯ ಪಕ್ಕದಲ್ಲಿ ಎದುರಾಳಿ ವಾಸವಾಗಿರುವಾಗ ತಾನು ಸಮುದ್ರದಾಚೆ ಇರುವುದು ಜಾಣತನವಲ್ಲ. ನಿಲ್ದಾಣಗಳಿಗೂ ವಿಮಾನ ಕಂಪನಿಗಳಿಗೂ ಶುಲ್ಕದ ವಿಷಯದಲ್ಲಿ ಹಳೆಯ ಜಗಳ. ಅಂಗಡಿ, ವಾಹನ ನಿಲುಗಡೆಗಳ ಲಾಭವನ್ನು ಕಳೆದು ಉಳಿದ ಖರ್ಚನ್ನಷ್ಟೇ ನಮ್ಮ ಮೇಲೆ ಹಾಕಿ ಎಂದು ಕಂಪನಿಗಳು; ಆ ಲಾಭ ನಮ್ಮ ದುಡಿಮೆ ಎಂದು ನಿಲ್ದಾಣಗಳು. ನಮ್ಮ ದೇಶದಲ್ಲಿ 2008ರ ಕಾನೂನಿನ ಮೂಲಕ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಬಂದದ್ದೂ, 2016ರ ವಿಮಾನಯಾನ ನೀತಿಯಲ್ಲಿ ಇತರ ಮೂಲಗಳ ವರಮಾನದ ಪ್ರತಿಶತ 30 ಭಾಗವನ್ನು ಶುಲ್ಕ ತಗ್ಗಿಸಲು ಬಳಸಬೇಕೆಂದು ಗೆರೆ ಎಳೆದದ್ದೂ ಈ ಜಗಳದ ದೆಸೆಯಿಂದಲೇ. ನಾವು ನಿಲ್ದಾಣದಲ್ಲಿ ಕುಡಿಯುವ ದುಬಾರಿ ಕಾಫಿಗೂ ಟಿಕೇಟಿನಲ್ಲಿ ಸೇರಿರುವ ಬಳಕೆದಾರರ ಶುಲ್ಕಕ್ಕೂ ಇರುವ ನಂಟು ಇದು.

ಅವರು ಅಧಿಕಾರ ವಹಿಸಿಕೊಂಡ 2008ರಲ್ಲಿಯೇ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಮಾರ್ಚಿನಲ್ಲಿ, ಬೆಂಗಳೂರಿನದು ಮೇ ತಿಂಗಳಲ್ಲಿ ತೆರೆದವು. ಹಳೆಯ ನಿಲ್ದಾಣಗಳನ್ನು ಮುಚ್ಚುವುದರ ವಿರುದ್ಧ ಪ್ರಾಧಿಕಾರದ ನೌಕರರು ಆ ಮಾರ್ಚಿನಲ್ಲಿ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಆಮೇಲೆ ಅವರ ಒಕ್ಕೂಟ ಪ್ರಯಾಣಿಕರ ಅಭಿಪ್ರಾಯ ಸಂಗ್ರಹಿಸಿ ಕೊಡುವ ಸೇವಾ ಗುಣಮಟ್ಟದ ಪ್ರಶಸ್ತಿಗಳು ದೆಹಲಿ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ಬಂದವು. ಅವುಗಳ ಫಲಕಗಳನ್ನು ನೀವು ನಿಲ್ದಾಣದ ಗೋಡೆಗಳಲ್ಲಿ ನೋಡಿರುತ್ತೀರಿ.

2015ರಲ್ಲಿ ಚೀನಾದ ಫಾಂಗ್ ಲಿಯು ಅವರು ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆಯ ಮೊದಲ ಮಹಿಳಾ ಮಹಾಕಾರ್ಯದರ್ಶಿಯಾದರು. ಹೀಗಾಗಿ ಸುಮಾರು ಐದು ವರ್ಷ ಮಾಂಟ್ರಿಯಲ್ಲಿನ ಈ ಎರಡು ಕಚೇರಿಗಳ ಮುಖ್ಯಸ್ಥರು, ಒಬ್ಬರು ಚೀನಾದವರು, ಇನ್ನೊಬ್ಬರು ಆಫ್ರಿಕನ್ ಅಮೆರಿಕನ್, ಇಬ್ಬರೂ ಮಹಿಳೆಯರು. ಜಗತ್ತಿನ ವಿಮಾನಯಾನದ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ನಮ್ಮಲ್ಲಿ ಏನಾಗಿದೆ? ವಿಮಾನ ಚಾಲಕರಲ್ಲಿ ಮಹಿಳೆಯರ ಪ್ರಮಾಣ ಜಗತ್ತಿನ ಸರಾಸರಿಗಿಂತ ನಮ್ಮ ದೇಶದಲ್ಲಿ ಬಹಳ ಹೆಚ್ಚು. ಇದು ಹೆಮ್ಮೆಯ ವಿಷಯ. ವಿಮಾನ ಸಂಚಾರ ನಿಯಂತ್ರಣದಲ್ಲಿ ಮಹಿಳೆಯರಿದ್ದಾರೆ. 2018ರಲ್ಲಿ ಪ್ರಾಧಿಕಾರದ ಅಗ್ನಿಶಾಮಕ ದಳಕ್ಕೆ ಮೊದಲ ಮಹಿಳೆ ಸೇರಿದರು. ಹಾರುವುದಕ್ಕೆ, ದಾರಿ ತೋರುವುದಕ್ಕೆ, ಬೆಂಕಿ ಆರಿಸುವುದಕ್ಕೆ ಹೆಂಗಸರು ಬಂದಾಯಿತು. ಇವೆಲ್ಲ ದೈಹಿಕವಾಗಿ ಕಷ್ಟವೆಂದು ಹಿಂದೆ ಹೇಳುತ್ತಿದ್ದ ಕೆಲಸಗಳು. ಟೆಂಡರಿನ ಹಾಳೆಗೆ ಸಹಿ ಹಾಕುವುದು ದೈಹಿಕ ಶ್ರಮದ ಕೆಲಸವಲ್ಲ. ಆದರೂ ದೊಡ್ಡ ನಿಲ್ದಾಣಗಳು ಖಾಸಗಿ ಕಂಪನಿಗಳಿಗೆ ಹೋದ ಮೇಲೆ ಆ ಸಹಿಯ ಕುರ್ಚಿ ಸರ್ಕಾರದ ಹಿರಿತನದ ಪಟ್ಟಿಯಿಂದ ಹೊರಬಿದ್ದಿದೆ. ಪಟ್ಟಿ ಇದ್ದಾಗ ನಮ್ಮ ಹೆಸರು ಎಷ್ಟನೆಯದೆಂದಾದರೂ ತಿಳಿಯುತ್ತಿತ್ತು, ಅನ್ಯಾಯವಾದರೆ ಮುತ್ತಮ್ಮನವರಂತೆ ನ್ಯಾಯಾಲಯದ ಮೆಟ್ಟಿಲು ಹತ್ತಬಹುದಿತ್ತು. ಕಂಪನಿಯ ನಿರ್ದೇಶಕ ಮಂಡಳಿ ಯಾರನ್ನು, ಏಕೆ ಆರಿಸಿತು ಎಂದು ಕೇಳಲು ಅಂಥ ಮೆಟ್ಟಿಲು ಇಲ್ಲ. ದೆಹಲಿ, ಮುಂಬಯಿಗಳ ಕಂಪನಿಗಳಲ್ಲಿ ಪ್ರತಿಶತ 26ರಷ್ಟು ಪಾಲು ಸಾರ್ವಜನಿಕರದಾಗಿಯೇ ಉಳಿಯಬೇಕೆಂದು ಮೂಲ ಒಪ್ಪಂದದಲ್ಲಿ ಬರೆದರು. ಮುಖ್ಯಾಧಿಕಾರಿಗಳ ಆಯ್ಕೆಯ ರೀತಿಯ ಬಗ್ಗೆ ಒಂದು ಸಾಲು ಬರೆಯಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮುಂದೆ ಇನ್ನಷ್ಟು ನಿಲ್ದಾಣಗಳ ಒಪ್ಪಂದಗಳು ಸಿದ್ಧವಾಗುವಾಗ ಆ ಸಾಲನ್ನು ಸೇರಿಸಬೇಕೆಂದು ಕೇಳುವ ಹಕ್ಕು, ತೆರಿಗೆ ಕೊಟ್ಟು ಟಿಕೇಟನ್ನೂ ಕೊಳ್ಳುವ ನಮಗೆ ಇದೆ ಎಂದು ನಾನು ತಿಳಿದಿದ್ದೇನೆ.

ಪ್ರಶ್ನೆಗಳಿಗೆ ಅಧ್ಯಕ್ಷರು ಹದಿನೈದು ನಿಮಿಷ ಕೊಟ್ಟಿದ್ದಾರೆ.